ಉಸಿರೆಳೆಯದ ಸ್ಯಾಕ್ಸೊಫೋನ್

ಸ್ಮೂತ್ ಜಾಝ್ ನುಡಿಸುವವರು ಉಸಿರೆಳೆದುಕೊಳ್ಳುವುದು ಕೇಳಿಸುವುದಿಲ್ಲ. ಅವರ ಬಗ್ಗೆ ನನ್ನ ದೂರು ಮೊದಲಿನಿಂದಲೂ ಇದೊಂದೇ. ಮೊದಲಿನಿಂದಲೂ ಎಂದು ಬರೆದ ಮೇಲೆ ಪೆನ್ನು ಕೆಳಗಿಟ್ಟು ಯೋಚಿಸಿದೆ. ನಿಜವೇ? ಮಾಮನಿಗೆ ಹಾಗಾದ ಮೇಲೆ ನನ್ನ ಹಳೆಯ ಅಭಿಪ್ರಾಯಗಳೆಲ್ಲ ಆ ದಿನಕ್ಕೆ ಹೊಂದುವಂತೆ ತಮ್ಮನ್ನು ತಾವೇ ತಿದ್ದಿಕೊಂಡಿರಬಹುದು. ನೆನಪಿಗೆ ಆ ಚಾಳಿ ಇದೆ. ಮುಂದೆ ಆಗಲಿರುವುದು ತನಗೆ ಮೊದಲೇ ಗೊತ್ತಿತ್ತು ಎಂದು ಅದು ಸಾಧಿಸುತ್ತದೆ.

ಮಾಮ ನನ್ನ ತಾಯಿಯ ತಮ್ಮ. ಸೇಲಂನ ನೇಕಾರರ ಬೀದಿಯಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಕನ್ನಡ ಅಕ್ಷರ ಕಲಿತದ್ದು ಮೈಸೂರಿನಲ್ಲಿ ಎಂ.ಎ. ಓದುವಾಗ, ದೊಡ್ಡವಳಾದ ಮೇಲೆ. ಈಗ ಸೇಲಂನಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಮಾಮನಿಗೆ ಇವತ್ತಿಗೂ ಕನ್ನಡ ಓದಲು ಬಾರದು. ನಾನು ಬರೆದುಕೊಳ್ಳುವುದನ್ನು ಅವನು ಓದಲಾರ ಎಂಬ ಧೈರ್ಯ ನನಗೆ ಯಾವಾಗಲೂ ಇತ್ತು.

ಅವನು ಹರೆಯದಲ್ಲೇ ಮಗ್ಗ ಬಿಟ್ಟು ಮದುವೆಗಳಿಗೆ ಹೋಗುವ ಬ್ಯಾಂಡ್ ಸೆಟ್ ಸೇರಿದ. ಮೊದಲು ಕ್ಲಾರಿನೆಟ್, ಆಮೇಲೆ ಸ್ಯಾಕ್ಸೊಫೋನ್. ಒಮ್ಮೆ ಏರ್ಕಾಡಿನ ಒಂದು ಕಾಫಿ ಎಸ್ಟೇಟಿನ ಬಂಗಲೆಯಲ್ಲಿ ಪಾರ್ಟಿಗೆ ನುಡಿಸಲು ಹೋಗಿದ್ದಾಗ, ಹಿಂದೆ ಕ್ಲಬ್ ಬ್ಯಾಂಡಿನಲ್ಲಿದ್ದ ಒಬ್ಬ ಹಿರಿಯ ಇವನ ಊದುವಿಕೆ ಕೇಳಿ ಒಂದು ಕ್ಯಾಸೆಟ್ ಕೊಟ್ಟನಂತೆ. ಹಳೆಯ ಜಾಝ್. ಯಾವುದೋ ಹೋಟೆಲಿನಲ್ಲೋ ಕ್ಲಬ್ಬಿನಲ್ಲೋ ಜನರ ಎದುರೇ ನುಡಿಸಿದ್ದು. ಹಿಂದೆ ಲೋಟಗಳ ಸದ್ದು, ಯಾರೋ ಕೆಮ್ಮುವುದು, ವಾದ್ಯದ ಕೀಲಿಗಳು ಏಳುವ ಬೀಳುವ ಟಪಟಪ. ಸ್ಯಾಕ್ಸೊಫೋನಿನವನು, ಮನೆಯಲ್ಲಿ ನಾವೆಲ್ಲ ಮುದುಕ ಎನ್ನುತ್ತಿದ್ದವನು, ಉಸಿರೆಳೆಯುವುದು ಕಿವಿಗೆ ಬಾಯಿ ಇಟ್ಟಷ್ಟು ಹತ್ತಿರ ಕೇಳುತ್ತದೆ. ಅದರಲ್ಲಿ ಒಂದು ಹಾಡಿದೆ. ಓಡುತ್ತಿದ್ದ ಹಾಗೇ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಡ್ರಮ್ ಇಲ್ಲ, ಏನೂ ಇಲ್ಲ. ಆಮೇಲೆ ಅವನೊಬ್ಬನೇ ಎಲ್ಲಿಂದಲೋ ಹತ್ತಿ ಬರುತ್ತಾನೆ. ಅಂಥ ನಿಲುಗಡೆಗಳು ಆ ಹಾಡಿನುದ್ದಕ್ಕೂ ಇವೆ.

ನಾನು ಲಂಗ ಹಾಕುವ ವಯಸ್ಸಿನಲ್ಲಿ ಮಾಮ ಆ ನಿಲುಗಡೆ ಬಂದಾಗಲೆಲ್ಲ ನನ್ನ ಕೈ ಹಿಡಿದು, "ಇಲ್ಲಿ ಕೇಳು. ಈಗ ಅವ್ನು ಬತ್ತಾನೋ ಇಲ್ವೋ" ಎನ್ನುತ್ತಿದ್ದ. ನಾನು ಉಸಿರು ಹಿಡಿದು ಕಾಯುತ್ತಿದ್ದೆ. ಬರುತ್ತಿದ್ದ. ಪ್ರತಿ ಸಲವೂ ಬರುತ್ತಿದ್ದ, ಆದರೂ ಮುಂದಿನ ಸಲಕ್ಕೆ ನಂಬಿಕೆ ಇರುತ್ತಿರಲಿಲ್ಲ.

ನನಗೂ ಊದಬೇಕು ಎಂದು ಹಠ ಹಿಡಿದರೆ ಇಡೀ ವಾದ್ಯ ಕೊಡುತ್ತಿರಲಿಲ್ಲ. ಬಗ್ಗಿದ ಕತ್ತಿನ ತುಂಡನ್ನು ಬಿಚ್ಚಿ, ಅದಕ್ಕೆ ಬಾಯಿಯ ತುಂಡು ಸಿಕ್ಕಿಸಿ ಕೊಡುತ್ತಿದ್ದ. ಅಷ್ಟರಿಂದ ಒಂದೇ ಒಂದು ಸ್ವರ ಹೊರಡುತ್ತದೆ, ಬೆರಳು ಬೇಡ, ವಿದ್ಯೆ ಬೇಡ. "ಮೇಕೆ ಮರಿ ಬಂತು ನೋಡೇ" ಎಂದು ಅತ್ತೆಯನ್ನು ಕೂಗುತ್ತಿದ್ದ. ಅತ್ತೆ ಒಳಗಿನಿಂದ, "ಮರಿಗೆ ಸೊಪ್ಪು ಆಕು, ಸುಮ್ಕಾಯ್ತದೆ" ಎನ್ನುತ್ತಿದ್ದಳು.

ಅತ್ತೆ ಎಡಪ್ಪಾಡಿಯ ನೇಕಾರರ ಮನೆಯವಳು. ನೇಕಾರರ ಮನೆಯಲ್ಲಿ ಯಾರೂ ಮಗ್ಗದ ಸದ್ದನ್ನು ಕೇಳುವುದಿಲ್ಲ, ಅದು ನಿಂತದ್ದನ್ನು ಮಾತ್ರ ಕೇಳುತ್ತಾರೆ. ನನ್ನ ಅಜ್ಜ, ಮಾಮನ ಅಪ್ಪ, ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲಿಳಿಬಿಟ್ಟು ನೇಯುವಾಗ ಅಜ್ಜಿ ಒಳಗೆ ಸಾರು ಕುದಿಸುತ್ತ, ಪಕ್ಕದ ಮನೆಯವಳ ಜೊತೆ ಜಗಳವಾಡುತ್ತ ಇರುತ್ತಿದ್ದಳು. ಮಗ್ಗದ ಸದ್ದು ನಿಂತ ಕ್ಷಣ ಜಗಳವೂ ನಿಲ್ಲುತ್ತಿತ್ತು. "ಏನು?" ಎಂದು ಕೂಗುತ್ತಿದ್ದಳು. "ಎಳೆ" ಎಂದು ಅಜ್ಜ ಕೂಗುತ್ತಿದ್ದ. ನೂಲಿನ ಎಳೆ ಕಡಿದಿದೆ, ಗಂಟು ಹಾಕುತ್ತಿದ್ದೇನೆ ಎಂದರ್ಥ. ಬೀಡಿ ಹಚ್ಚಲು ನಿಂತರೂ ಎಳೆ. ಸುಮ್ಮನೆ ಯೋಚನೆಗೆ ಬಿದ್ದು ನಿಂತರೂ ಎಳೆ. ಆ ಉತ್ತರ ಬಂದರೆ ಜಗಳ ಮುಂದುವರಿಯಬಹುದು. ಬಾರದಿದ್ದರೆ ಎದ್ದು ಓಡಬೇಕು. ಅಜ್ಜಿ ಹೀಗೆ ಒಂದೇ ಸಲ ಓಡಿದ್ದು. ಅದು ಅಜ್ಜನ ಕೊನೆಯ ದಿನ.

ಮಾಮನ ಮನೆಯಿಂದ ಮಗ್ಗ ಹೋಗಿ ಬಹಳ ಕಾಲವಾಯಿತು. ಕುಣಿ ಮಾತ್ರ ಹಿಂದಿನ ಕೋಣೆಯಲ್ಲಿ ಹಾಗೇ ಉಳಿಯಿತು. ಮಾಮ ಅದರ ಅಂಚಿನಲ್ಲಿ ಕೂತು, ನೇಯುವವನ ಹಾಗೆಯೇ ಕಾಲು ಒಳಗೆ ಬಿಟ್ಟು, ಸ್ಯಾಕ್ಸೊಫೋನ್ ಅಭ್ಯಾಸ ಮಾಡುತ್ತಿದ್ದ. ಅತ್ತೆಗೆ ಆ ಕುಣಿ ಹಿಡಿಸದು. "ಆಳಿಲ್ಲದ ಕುಣಿ ಬಾಯ್ ತಕ್ಕೊಂಡ್ ಇರ್ಬಾರ್ದು, ಮಣ್ಣಾಕ್ಸು" ಎಂದು ವರ್ಷವೆಲ್ಲ ಹೇಳುತ್ತಿದ್ದಳು. "ಆಳು ನಾನಿಲ್ವಾ?" ಎನ್ನುತ್ತಿದ್ದ. ಊದುವುದು ನಿಂತರೆ ಅಡುಗೆಮನೆಯಿಂದ "ಏನು?" ಬರುತ್ತಿತ್ತು. ಒಳಗಿನಿಂದ "ಎಳೆ" ಬರುತ್ತಿತ್ತು. ಸ್ಯಾಕ್ಸೊಫೋನಿಗೆ ಎಂಥ ಎಳೆ ಎಂದು ಯಾರೂ ಕೇಳುತ್ತಿರಲಿಲ್ಲ.

ಈಚಿನ ಕೆಲವು ವರ್ಷಗಳಿಂದ ಏರ್ಕಾಡಿನ ಒಂದು ರೆಸಾರ್ಟ್ ಮಾಮನನ್ನು ಶನಿವಾರದ ಸಂಜೆಗಳಿಗೆ ಕರೆಯತೊಡಗಿತು. ಅಲ್ಲಿ ಬೇಕಾದದ್ದು ಸ್ಮೂತ್ ಜಾಝ್. ನಮ್ಮಿಬ್ಬರ ಜಗಳ ಶುರುವಾದದ್ದು ಅಲ್ಲಿಂದ.

ನನಗೆ ಈಗಿನ ಆ ಸ್ಯಾಕ್ಸೊಫೋನ್ ವಾದಕರನ್ನು ಕಂಡರೆ ಆಗುತ್ತಿರಲಿಲ್ಲ. ಕೈಚಳಕವಿಲ್ಲದವರು ಎನ್ನಲಾರೆ, ಬೆರಳು ಎಣ್ಣೆಯಂತೆ ಹರಿಯುತ್ತದೆ. ಆದರೆ ಪ್ರತಿ ಸಾಲೂ ಎಲ್ಲಿ ಮುಗಿಯಬೇಕೋ ಅಲ್ಲೇ ಮುಗಿಯುತ್ತದೆ. ಪ್ರತಿ ಸ್ವರದ ಹಿಂದೆಯೂ ಗುಹೆಯಲ್ಲಿ ನುಡಿಸಿದಂಥ ಮಂಜು ಸೇರಿಸಿರುತ್ತಾರೆ. ಹಲ್ಲಿನ ಡಾಕ್ಟರ ಹತ್ತಿರ ಕಾಯುವಾಗ, ಫೋನಿನಲ್ಲಿ "ಸ್ವಲ್ಪ ತಡೆಯಿರಿ" ಎಂದು ನಮ್ಮನ್ನು ಕೂರಿಸಿದಾಗ ಕೇಳಿಸುವುದು ಅದೇ. ಹಳೆಯ ಜಾಝಿನಲ್ಲಿ ಮನುಷ್ಯರು ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುತ್ತಾರೆ, ಒಬ್ಬ ತಪ್ಪಿದರೆ ಇನ್ನೊಬ್ಬ ಅದನ್ನು ಎತ್ತಿಕೊಂಡು ಬೇರೆ ಕಡೆ ಹೋಗುತ್ತಾನೆ. ಇಲ್ಲಿ ತಪ್ಪಲು ಜಾಗವೇ ಇಲ್ಲ. ಹಿಂದಿನ ವಾದ್ಯಗಳೆಲ್ಲ ಮೊದಲೇ ಮುದ್ರಿಸಿಟ್ಟ ಟ್ರ್ಯಾಕ್, ಇವನು ಬದುಕಿದ್ದರೂ ಸತ್ತರೂ ಅದು ಓಡುತ್ತದೆ.

ಕೊನೆಯ ಆ ವಾಕ್ಯವನ್ನು ಆಗಲೇ ಅಂದಿದ್ದೆನೋ ಈಗ ಸೇರಿಸುತ್ತಿದ್ದೇನೋ ಗೊತ್ತಿಲ್ಲ. ಹಳೆಯ ಜಾಝ್ ನನಗೆ ನಿಜವಾಗಿ ಇಷ್ಟವೋ, ಮೈಸೂರಿನ ಹಾಸ್ಟೆಲಿನಲ್ಲಿ ಅದನ್ನು ಇಷ್ಟಪಡುವವರನ್ನು ಬುದ್ಧಿವಂತರೆಂದು ಎಣಿಸುತ್ತಿದ್ದರೆಂದು ಇಷ್ಟವಾಯಿತೋ, ಅದೂ ಗೊತ್ತಿಲ್ಲ.

ಮಾಮ ಮಾತ್ರ ಆಗ ಸ್ಮೂತ್ ಪಕ್ಷ. ನನ್ನನ್ನು ಕೆಣಕಲು ಎಂದೇ ನನ್ನ ಅನುಮಾನ.

"ಏನ್ ಪ್ರೊಫೆಸರಮ್ಮ, ಇವತ್ತು ಯಾರ್‌ನ ಫೇಲ್ ಮಾಡ್ದೆ? ಕಲ್ಯಾಣ ಮಂಟಪದಾಗೆ ದಿನಾ ಜಗಳ ನೋಡ್ತೀನಿ ನಾನು. ಗಂಡಿನ ಕಡೆಯೋರು, ಎಣ್ಣಿನ ಕಡೆಯೋರು. ರೆಸಾರ್ಟ್‌ಗೆ ಬರೋರು ಮನೆ ಜಗಳ ಬಿಟ್ಟು ಬತ್ತಾರೆ. ಅವ್ರಿಗೆ ಪಾಟಿನಾಗೂ ಜಗಳ ಬೇಕಾ?"

"ಅದು ಪಾಟಲ್ಲ ಮಾಮ, ಪವರ್‌ಲೂಮ್. ಒಂದೇ ಸಮ ಓಡ್ತೈತೆ, ಆಳೇ ಬೇಡ."

ಪಾಟು ಎಂದರೆ ನಮ್ಮ ಮನೆಯ ಮಾತಿನಲ್ಲಿ ಹಾಡು. ಹೋಲಿಕೆ ಚೆನ್ನಾಗಿದೆ ಎಂದು ನಾನು ಬೀಗುತ್ತಿರುವಾಗ ಅತ್ತೆ ನಡುವೆ ಬಾಯಿ ಹಾಕಿದಳು. "ಪವರ್‌ಲೂಮ್‌ನ ಬಯ್ಯಬೇಡ. ನಮ್ಮಪ್ಪನ ಮನೇಲಿ ಅದು ಬಂದ್ ಮೇಲೇನೇ ಎರಡೊತ್ತು ಅನ್ನ ಕಂಡಿದ್ದು. ಕೈಮಗ್ಗ ಕೈಮಗ್ಗ ಅಂತ ಕುಣಿಯೋರು ಒಂದಿನ ಕುಣಿಯಾಗ್ ಕುಂತು ನೋಡ್ಲಿ, ಸೊಂಟ ಗೊತ್ತಾಯ್ತದೆ."

ಒಂದು ಶನಿವಾರ ನಾನೂ ಅವನ ಜೊತೆ ಏರ್ಕಾಡಿಗೆ ಹೋದೆ. ಘಾಟಿಯ ಬಸ್ಸಿನಲ್ಲಿ ಸ್ಯಾಕ್ಸೊಫೋನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು, ಪ್ರತಿ ತಿರುವಿನಲ್ಲೂ ಅದನ್ನು ಮಗುವಿನಂತೆ ಅವುಚಿಕೊಂಡಿದ್ದ. ರೆಸಾರ್ಟಿನ ಹುಲ್ಲುಹಾಸಿನಲ್ಲಿ ಮಂಜು ಇಳಿದಿತ್ತು. ಜನ ತಿನ್ನುತ್ತಿದ್ದರು, ಫೋಟೊ ತೆಗೆದುಕೊಳ್ಳುತ್ತಿದ್ದರು. ಮಾಮ ಟ್ರ್ಯಾಕಿನ ಮೇಲೆ ಮೆತ್ತಗೆ ಊದುತ್ತಿದ್ದ. ಮೂರನೆಯದೋ ನಾಲ್ಕನೆಯದೋ ಹಾಡಿನಲ್ಲಿ ಅವನಿಗೇನಾಯಿತೋ, ಟ್ರ್ಯಾಕನ್ನು ಬಿಟ್ಟು ಹೊರಗೆ ಹೋದ. ಕ್ಯಾಸೆಟ್ಟಿನ ಮುದುಕನ ಹಾಗೆ, ಒರಟಾಗಿ, ಒಂದು ಸ್ವರವನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಬಗ್ಗಿಸುತ್ತ, ಹರಿದುಹೋಗುವ ತನಕ ಬಗ್ಗಿಸಿದ. ನನ್ನ ಮೈ ಜುಮ್ಮೆಂದಿತು. ಒಂದು ಮೇಜಿನಲ್ಲಿ ಕೂಸು ಅಳತೊಡಗಿತು. ಮ್ಯಾನೇಜರ್ ನಗುನಗುತ್ತಲೇ ಬಂದು, "ಸಾರ್, ಟೆನ್ಷನ್ ಏತ್ತಾದೀಂಗ, ಸ್ಮೂತ್ತಾ ಪೋಗಟ್ಟುಂ" ಎಂದ. ಬಿಗಿ ಏರಿಸಬೇಡಿ, ನುಣುಪಾಗಿ ಹೋಗಲಿ ಎಂದು. ಹೇಳಿ, ಟ್ರ್ಯಾಕಿನ ಸದ್ದನ್ನು ಏರಿಸಿದ. ಮಾಮ ಊದುತ್ತಲೇ ಇದ್ದ, ಆದರೆ ಅವನು ಕೇಳಿಸುತ್ತಿರಲಿಲ್ಲ. ಕೆನ್ನೆ ಉಬ್ಬುತ್ತಿತ್ತು, ಕತ್ತಿನ ನರ ಎದ್ದಿತ್ತು. ಕೇಳುತ್ತಿದ್ದದ್ದು ಟ್ರ್ಯಾಕಿನ ತಂತಿವಾದ್ಯ ಮಾತ್ರ.

ವಾಪಸು ಬರುವ ಬಸ್ಸಿನಲ್ಲಿ ಅವನು ಎದೆಯ ಎಡಗಡೆ ಕೈಯಿಟ್ಟುಕೊಂಡಿದ್ದ. ಗಾಳಿ ತಣ್ಣಗಿದೆ, ಕಿಟಕಿ ಹಾಕು ಎಂದ. ಕಿಟಕಿ ಹಾಕಿಯೇ ಇತ್ತು.

ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ತೆಗೆದರು. ವಯಸ್ಸಾದ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಕಪ್ಪು ಜಾಗವೊಂದನ್ನು ಬೆರಳಿನಿಂದ ಸುತ್ತಿ ತೋರಿಸಿದರು. ಎಡ ಶ್ವಾಸಕೋಶದ ಮೇಲೆ ಗಾಳಿಯ ಗುಳ್ಳೆ. ತೆಳ್ಳಗಿದೆ. ಹೀಗೇ ಇದ್ದರೆ ಇರಬಹುದು. ಜೋರಾಗಿ ಊದಿದರೆ ಒಡೆಯಬಹುದು. ಒಡೆದರೆ ಗಾಳಿ ಹೊರಗೆ ಸೋರಿ ಶ್ವಾಸಕೋಶವೇ ಕುಗ್ಗಿಬಿಡುತ್ತದೆ. "ಏನು ಕೆಲಸ ಮಾಡ್ತೀರಿ?" ಎಂದು ಕೊನೆಗೆ ಕೇಳಿದರು. ಮಾಮ ಹೇಳಿದ. ಅವರು ಸ್ಕ್ಯಾನನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಅವನ ಮುಖ ನೋಡಿದರು. ಊದುವುದನ್ನು ಬಿಡಿ ಎಂದರು. ಅಷ್ಟೇ.

ಅವನು ಬಿಡಲಿಲ್ಲ. ನಮ್ಮ ಮನೆಯೊಳಗೆ ಆಮೇಲೆ ನಡೆದದ್ದು ವಿಚಿತ್ರವಾದ ವಾದ. ಪಕ್ಷಗಳು ಅದಲುಬದಲಾಗಿದ್ದವು.

"ಊದಲೇಬೇಕು ಅಂದ್ರೆ ಸ್ಮೂತ್ ಊದು ಮಾಮ," ಎಂದೆ ನಾನು. "ಮೆತ್ತಗೆ. ಟ್ರ್ಯಾಕ್ ಓಡ್ಲಿ, ನೀನು ಮೇಲೆ ಮೇಲೆ ಸವರ್ಕೊಂಡು ಓಗು."

"ಓಹೋ! ಈಗ ಸ್ಮೂತ್ ಒಳ್ಳೇದಾಯ್ತಾ? ಪವರ್‌ಲೂಮ್ ಅಂದೋರ್ಯಾರು? ಅಲ್ಲು ಕೀಳೋ ಡಾಕ್ಟ್ರ ಅತ್ರ ಪಾಟು ಕೇಳ್ಕೊಂಡು ಕುಂತಿದ್ದ್ಯಾ, ಮನಸ್ಸು ಬದಲಾಯ್ತಾ?"

"ತಮಾಷೆ ಬೇಡ."

"ತಮಾಷೆ ಅಲ್ಲ ಲೇ. ಅಂಗೆ ಸವರೋದು ಊದೋದಲ್ಲ. ಮೂಚ್ಚು ಆಕ್ದೇ ಇದ್ರೆ ಅದು ಬರೀ ಇತ್ತಾಳೆ." ಮೂಚ್ಚು ಎಂದರೆ ಉಸಿರು. ನಮ್ಮ ಮನೆಯ ಕನ್ನಡದಲ್ಲಿ ಆ ಮಾತು ಯಾವಾಗಲೂ ತಮಿಳಿನದೇ.

ಅತ್ತೆ ಸ್ಮೂತ್ ಬೇಡ, ಹಳೆಯದೂ ಬೇಡ ಎಂದಳು. ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಕೊನೆಗೆ ಒಪ್ಪಂದವಾಯಿತು: ಶನಿವಾರ ಮಾತ್ರ, ಸ್ಮೂತ್ ಮಾತ್ರ. ಮದುವೆ ಬ್ಯಾಂಡ್ ಬೇಡ. ರೆಸಾರ್ಟಿನ ಮ್ಯಾನೇಜರ್ ಒಳ್ಳೆಯವನು. ವಿಷಯ ತಿಳಿದು ಬೇರೆ ಬಗೆಯ ಟ್ರ್ಯಾಕುಗಳನ್ನು ಕಳಿಸಿದ. ಅವುಗಳಲ್ಲಿ ಸ್ಯಾಕ್ಸೊಫೋನೂ ಸೇರಿಯೇ ಇರುತ್ತದೆ, ಯಾರೋ ಹೆಸರಾಂತ ವಾದಕನ ರೀತಿಯಲ್ಲಿ ನುಡಿಸಿದ್ದು. ಸುಸ್ತಾದರೆ ನಿಲ್ಲಿಸಿ ಸಾರ್, ಬೆರಳು ಆಡಿಸುತ್ತಿರಿ ಸಾಕು, ಯಾರಿಗೂ ಗೊತ್ತಾಗುವುದಿಲ್ಲ ಎಂದನಂತೆ. ನನಗೆ ಹಾಯೆನಿಸಿತು. ಅತ್ತೆಗೂ. ಮಾಮ ಆ ಟ್ರ್ಯಾಕನ್ನು ಮೊದಲ ಸಲ ಕೇಳಿ, "ನನ್ ಬದಲು ನಾನೇ ಊದ್ತಾ ಇದ್ದೀನಿ" ಎಂದು ನಕ್ಕ.

ಆಮೇಲಿನ ಶನಿವಾರಗಳಲ್ಲಿ ಮಧ್ಯಾಹ್ನ ಬಸ್ಸಿಗೆ ಮುಂಚೆ ಅವನು ಕುಣಿಯ ಅಂಚಿನಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದ. ಬ್ಯಾಂಡ್ ಸೆಟ್ಟಿನ ದೊಡ್ಡ ಸ್ಪೀಕರಿಗೆ ವೈರ್ ಸಿಕ್ಕಿಸಿ ಟ್ರ್ಯಾಕ್ ಹಾಕುತ್ತಿದ್ದ. ಹಾಡು ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ನಿಲುಗಡೆಯೇ ಇಲ್ಲ. ಮನೆಯಲ್ಲಿ "ಏನು?" ಎಂದು ಕೂಗುವ ಪ್ರಸಂಗವೇ ಬರಲಿಲ್ಲ. ಅದನ್ನು ನಾವು ಆರೋಗ್ಯವೆಂದು ತಿಳಿದೆವು.

ಆ ಶನಿವಾರ ನಾನು ಅತ್ತೆಯ ಮನೆಯ ನಡುಮನೆಯಲ್ಲಿದ್ದೆ. ಅವಳು ಈಳಿಗೆಯ ಮುಂದೆ ಕೂತು ಮಾವಿನಕಾಯಿ ಹೆಚ್ಚುತ್ತಿದ್ದಳು, ನಾನು ಹೋಳುಗಳಿಗೆ ಉಪ್ಪು ಬೆರೆಸುತ್ತಿದ್ದೆ. ಹಿಂದಿನ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಸ್ಯಾಕ್ಸೊಫೋನ್ ಕೇಳುತ್ತಿತ್ತು. ಬೀದಿಯ ಎರಡೂ ಕಡೆ ಪವರ್‌ಲೂಮ್‌ಗಳು ಓಡುತ್ತಿದ್ದವು. ಪಕ್ಕದ ಬೀದಿಯ ಮದುವೆಯಲ್ಲಿ ಪಾಯಸಕ್ಕೆ ಬೆಲ್ಲದ ಬದಲು ಏನೋ ಬಿದ್ದು ಬೀಗರು ಮುನಿದ ಕಥೆಯನ್ನು ಅತ್ತೆ ಹೇಳುತ್ತಿದ್ದಳು, ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು. "ಇವತ್ತು ಬಲೇ ಚೆನ್ನಾಗ್ ಬತ್ತೈತೆ, ಒಂದ್ ಕೆಮ್ಮಿಲ್ಲ" ಎಂದು ಒಂದು ಮಾತು ಬಂತು. ನನ್ನ ನೆನಪಿನಲ್ಲಿ ಅದನ್ನು ಅಂದವಳು ಅತ್ತೆ. ಅತ್ತೆಯ ನೆನಪಿನಲ್ಲಿ ನಾನು. ಇದರ ಬಗ್ಗೆ ನಾವು ಜಗಳವಾಡುವುದಿಲ್ಲ. ಆದರೆ ಇಬ್ಬರೂ ಬಿಟ್ಟುಕೊಟ್ಟಿಲ್ಲ.

ಆಗ ಕರೆಂಟ್ ಹೋಯಿತು.

ಫ್ಯಾನ್ ನಿಂತಿತು. ಬೀದಿಯ ಪವರ್‌ಲೂಮ್‌ಗಳೆಲ್ಲ ಒಂದರ ಹಿಂದೊಂದು ನಿಂತವು. ಹಿಂದಿನ ಕೋಣೆಯ ತಂತಿವಾದ್ಯ, ಡ್ರಮ್ ನಿಂತವು. ಸ್ಯಾಕ್ಸೊಫೋನೂ ನಿಂತಿತು.

ಅತ್ತೆಯ ಬಾಯಲ್ಲಿ ನಗು ಇನ್ನೂ ಇತ್ತು. "ಆಳಾದೋರು, ಇವತ್ತೂ ತೆಗೆದ್ರಾ" ಎಂದು ಕರೆಂಟಿನವರನ್ನು ಬಯ್ದಳು. ನಾನು ಉಪ್ಪಿನ ಕೈಯನ್ನು ಗಾಳಿಯಲ್ಲಿ ಹಿಡಿದು ಕೂತಿದ್ದೆ. ಟ್ರ್ಯಾಕ್ ನಿಲ್ಲುವುದು ಸರಿ. ಸ್ಪೀಕರ್ ನಿಲ್ಲುವುದು ಸರಿ. ಮಾಮ ಏಕೆ ನಿಂತ? ಊದುವುದಕ್ಕೆ ಕರೆಂಟ್ ಬೇಡ.

ಅತ್ತೆಗೂ ಅದು ಅದೇ ಗಳಿಗೆಯಲ್ಲಿ ಹೊಳೆಯಿತೆಂದು ಕಾಣುತ್ತದೆ. ಅವಳ ಮುಖದ ನಗು ಹೋಗಲಿಲ್ಲ, ಹಾಗೇ ಗಟ್ಟಿಯಾಯಿತು.

"ಏನು?" ಎಂದು ಕೂಗಿದಳು.

ಅಷ್ಟು ನಿಶ್ಶಬ್ದವಾದ ನಮ್ಮ ಬೀದಿಯನ್ನು ನಾನು ಹಗಲಲ್ಲಿ ಕೇಳಿರಲಿಲ್ಲ.

"ಏನು ಅಂದೆ?"

ಮಾಮ ಕುಣಿಯೊಳಗೆ ಜಾರಿದ್ದ. ಎದೆಯವರೆಗೆ ಗುಂಡಿಯಲ್ಲಿದ್ದ, ಬೆನ್ನು ಅಂಚಿಗೆ ಒರಗಿತ್ತು, ಒಂದು ಕೈ ನೆಲವನ್ನು ಪರಚುವಂತೆ ಚಾಚಿತ್ತು. ಸ್ಯಾಕ್ಸೊಫೋನ್ ಕತ್ತಿನ ಪಟ್ಟಿಯಿಂದ ಇನ್ನೂ ಜೋತಾಡುತ್ತಿತ್ತು. ಕಣ್ಣು ತೆರೆದಿದ್ದವು. ತುಟಿ ನೇರಳೆ ಹಣ್ಣು ತಿಂದವನ ಹಾಗೆ. ನಮ್ಮನ್ನು ನೋಡಿ ಬಾಯಿ ಆಡಿಸಿದ, ಸದ್ದು ಬರಲಿಲ್ಲ. ಅತ್ತೆ ಕುಣಿಗೆ ಹಾರಿ ಅವನ ಕಂಕುಳಿಗೆ ಕೈ ಕೊಟ್ಟಳು. ನಾನು ಮೇಲಿನಿಂದ ಎಳೆದೆ. ನನ್ನ ಕೈಯ ಉಪ್ಪು ಅವನ ಅಂಗಿಗೆಲ್ಲ ಮೆತ್ತಿತು. ಬೀದಿಯವರು ಬಂದರು, ಆಂಬುಲೆನ್ಸ್ ಬಂತು. ನಾವು ಹೊರಡುವಾಗ ಕರೆಂಟ್ ಮತ್ತೆ ಬಂತೆಂದೂ, ಖಾಲಿ ಕೋಣೆಯಲ್ಲಿ ಸ್ಯಾಕ್ಸೊಫೋನ್ ತಾನಾಗಿ ಶುರುವಾಯಿತೆಂದೂ ನನಗೆ ನೆನಪಿದೆ. ಆ ಸ್ಪೀಕರ್ ಹಾಗೆ ತಾನಾಗಿ ಶುರುವಾಗುವ ಜಾತಿಯದಲ್ಲ ಎಂದು ಆಮೇಲೆ ಪರೀಕ್ಷೆ ಮಾಡಿ ತಿಳಿದುಕೊಂಡೆ. ಆದರೂ ನೆನಪಿದೆ.

ಆಸ್ಪತ್ರೆಯಲ್ಲಿ ಪಕ್ಕೆಯೊಳಗೆ ಕೊಳವೆ ಇಳಿಸಿ, ಅದರ ಇನ್ನೊಂದು ತುದಿಯನ್ನು ಮಂಚದ ಕೆಳಗಿನ ನೀರಿನ ಬಾಟಲಿಗೆ ಬಿಟ್ಟಿದ್ದರು. ಅವನು ಉಸಿರಾಡಿದ ಹಾಗೆಲ್ಲ ಬಾಟಲಿಯಲ್ಲಿ ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು. ಅತ್ತೆ ಸ್ಟೂಲಿನ ಮೇಲೆ ಕೂತು ಆ ಬಾಟಲಿಯನ್ನೇ ನೋಡುತ್ತಿದ್ದಳು. ಮುಖ ನೋಡುತ್ತಿರಲಿಲ್ಲ. ಮಾತು ಬಂದ ಮೇಲೆ ಮಾಮ ಹೇಳಿದ:

"ಕೂಗ್ದೆ ಕಣೇ. ಕೂಗಾಕೆ ಗಾಳಿನೇ ಇರ್ಲಿಲ್ಲ. ನೀವಿಬ್ರು ನಗೋದು ಕೇಳಿಸ್ತಿತ್ತು. ನಾನು ಊದ್ತಾ ಇರೋದೂ ನಂಗೇ ಕೇಳಿಸ್ತಿತ್ತು."

"ಎಷ್ಟೊತ್ತಿಂದ?" ಎಂದೆ.

"ಪಾಯಸದ ಕಥೆ ಪೂರ್ತಿ ಕೇಳ್ದೆ," ಎಂದ. ನಗಲು ಹೋಗಿ ಪಕ್ಕೆ ಹಿಡಿದುಕೊಂಡ. ಬಾಟಲಿ ಒಮ್ಮೆಲೇ ಜೋರಾಗಿ ಗುಳುಗುಟ್ಟಿತು. ಅತ್ತೆ ಎದ್ದು ಹೊರಗೆ ಹೋದಳು.

ಕಳಿಸುವ ದಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಬಲಗಡೆಯೂ ಅಂಥದೇ ಗುಳ್ಳೆ ಇದೆ ಎಂದರು. ಸದ್ಯಕ್ಕೆ ಚಿಕ್ಕದು. ಇನ್ನೊಮ್ಮೆ ಹೀಗಾದರೆ ಆಸ್ಪತ್ರೆಯವರೆಗೆ ತರುವಷ್ಟು ಹೊತ್ತು ಸಿಗುತ್ತದೆಂದು ನಂಬಬೇಡಿ ಎಂದರು. ಅತ್ತೆಗೆ ನಾನೇ ಹೇಳಿದೆ. ಅವನನ್ನು ಮನೆಗೆ ಕರೆತಂದ ಮಾರನೆಯ ಬೆಳಿಗ್ಗೆ ಅವಳು ಸ್ಯಾಕ್ಸೊಫೋನಿನ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಕುಣಿಗೆ ಮಣ್ಣು ಹಾಕಿಸಲು ಆಳು ಕರೆಸಿದಳು. ಮಾಮ ಬಾಗಿಲಿಗೆ ಅಡ್ಡ ಕೂತ. "ಅದ್ನೂ ಮುಚ್ಚಿದ್ರೆ ನಾನು ಎಲ್ಲಿ ಕೂರ್ಲಿ?" ಎಂದ. ಅವನ ದನಿಯಲ್ಲಿದ್ದದ್ದು ಕೋಪವಲ್ಲ. ಅತ್ತೆ ಆಳನ್ನು ಕಳಿಸಿದಳು.

ಈಗ ಅವನು ಹಗಲೆಲ್ಲ ಹಿಂದಿನ ಕೋಣೆಯಲ್ಲೇ ಇರುತ್ತಾನೆ. ಮನೆಯಲ್ಲಿ ಸ್ಮೂತ್ ಜಾಝ್ ಹಾಕುವಂತಿಲ್ಲ. ಇದು ಅತ್ತೆಯ ಕಟ್ಟಳೆ. ಒಂದು ದಿನ ನಾನು, ಅವನಿಗೆ ಬೇಜಾರಾಗದಿರಲಿ ಎಂದು ಮೆತ್ತಗಿನದೇನೋ ಹಾಕಿದ್ದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು ಫೋನ್ ಕಿತ್ತುಕೊಂಡಳು.

"ಇದು ಬೇಡ. ನಿಲ್ಲೋ ಪಾಟು ಆಕು."

"ಯಾವುದು?"

"ಅದೇ, ಆ ಮುದುಕಂದು. ಸಾಯ್ತೀನಿ ಸಾಯ್ತೀನಿ ಅಂತ ಉಸಿರೆಳೀತಾನಲ್ಲ, ನಡುವೆ ನಡುವೆ ನಿಂತೋಯ್ತಾನಲ್ಲ, ಅದು."

ಜಾಝ್ ಎಂಬ ಮಾತನ್ನೂ ಬಾಯಿಗೆ ತಂದುಕೊಳ್ಳದ ಅತ್ತೆ ಹೀಗೆ ನನ್ನ ಹಳೆಯ ಪಕ್ಷಕ್ಕೆ ಸೇರಿದಳು. ಕಾರಣ ಮಾತ್ರ ಬೇರೆ. ಆ ಕ್ಯಾಸೆಟ್ಟಿನ ಹಾಡನ್ನು ನಾನು ಹಿಂದೆಯೇ ಫೋನಿಗೆ ಇಳಿಸಿಕೊಂಡಿದ್ದೆ. ಅದರದೇ ಪ್ರತಿಯನ್ನು ಮಾಮನ ಫೋನಿಗೂ ಹಾಕಿಕೊಟ್ಟೆ. ಅವನು ಮಧ್ಯಾಹ್ನ ಅದನ್ನು ಹಾಕಿಕೊಂಡು ಕುಣಿಯ ಅಂಚಿನಲ್ಲಿ ಕೂರುತ್ತಾನೆ. ಹಾಡು ನಿಂತಾಗ ಅತ್ತೆ "ಏನು?" ಎನ್ನುತ್ತಾಳೆ. "ಎಳೆ" ಬರುತ್ತದೆ. ಮುದುಕ ಮತ್ತೆ ಹತ್ತಿ ಬರುತ್ತಾನೆ. ಹಳೆಯ ಜಾಝ್ ದೊಡ್ಡದೇಕೆ ಎಂದು ನಾನು ಹಾಸ್ಟೆಲಿನಲ್ಲಿ ಎಷ್ಟೋ ಮಾತಾಡಿದ್ದೆ. ಅದರ ನಡುವೆ ಒಬ್ಬ ಹೆಂಗಸು ತನ್ನ ಗಂಡ ಇದ್ದಾನೆಯೇ ಎಂದು ಕೇಳಲು ಜಾಗವಿದೆ ಎಂಬುದು ಆ ಮಾತುಗಳಲ್ಲಿ ಇರಲಿಲ್ಲ.

ಕಳೆದ ತಿಂಗಳು ಒಂದು ಶನಿವಾರ, ನಡುಮನೆಯಲ್ಲಿ ಕೂತು ಕೇಳುತ್ತಿದ್ದೆ. ಮೊದಲ ನಿಲುಗಡೆ ಬಂತು. ಅತ್ತೆ ಕೂಗುವ ಮುಂಚೆ, ಆ ಖಾಲಿಯಲ್ಲಿ ಒಂದು ಸಣ್ಣ ಸ್ವರ ಕೇಳಿದಂತಾಯಿತು. ತೆಳ್ಳಗೆ, ಕಿರುಚಲು, ಬೇಗ ಮುಗಿದದ್ದು. ಎರಡನೆಯ ನಿಲುಗಡೆಯಲ್ಲೂ ಅದೇ ಸ್ವರ. ಮುಂಚಿನಿಂದಲೂ ಅಲ್ಲಿ ಅದು ಇತ್ತೇ? ಹಿಂದಿನ ಮೇಜಿನ ಯಾರೋ ಶಿಳ್ಳೆ ಹಾಕಿದ್ದಿರಬಹುದೇ? ಬಾಲ್ಯದಿಂದ ಕೇಳಿದ ಹಾಡು, ಆದರೆ ಆಣೆಯಿಟ್ಟು ಹೇಳಲಾರೆ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನನ್ನ ಫೋನಿನ ಪ್ರತಿಯನ್ನು ಕೇಳಿದೆ. ಮೊದಲ ನಿಲುಗಡೆ ಖಾಲಿ. ಎರಡನೆಯದೂ ಖಾಲಿ. ಲೋಟಗಳ ಸದ್ದು, ಒಂದು ಕೆಮ್ಮು, ಬೇರೇನಿಲ್ಲ.

ಅಷ್ಟರಲ್ಲಿ ನನಗೆ ಅದು ಏನೆಂದು ಗೊತ್ತಾಗಿತ್ತು. ಆ ಸ್ವರವನ್ನು ನಾನೂ ಊದಿದ್ದೇನೆ. ಅತ್ತೆ ಬೀಗ ಹಾಕಿದ್ದು ಚಿನ್ನದ ಬಣ್ಣದ ದೊಡ್ಡ ಒಡಲಿಗೆ. ಕತ್ತಿನ ತುಂಡನ್ನೂ ಬಾಯಿಯ ತುಂಡನ್ನೂ ಮಾಮ ಮೊದಲೇ ತೆಗೆದಿಟ್ಟುಕೊಂಡಿದ್ದ.

ಹೇಳಬೇಕೋ ಬೇಡವೋ ಎಂದು ವಾರವೆಲ್ಲ ಒದ್ದಾಡಿದೆ. ಹೇಳಿದರೆ ಅವನಿಗೆ ಉಳಿದಿರುವ ಆ ಒಂದು ಸ್ವರವನ್ನೂ ಕಿತ್ತುಕೊಂಡಂತೆ. ಹೇಳದಿದ್ದರೆ ಬಲಗಡೆಯ ಗುಳ್ಳೆ. ಮುಂದಿನ ಶನಿವಾರ ಹೇಳುವುದೆಂದು ನಿಶ್ಚಯಿಸಿಕೊಂಡೇ ಅತ್ತೆಯ ಎದುರು ಕೂತೆ. ಅವಳು ಈಳಿಗೆಯ ಮುಂದೆ ಬದನೆಕಾಯಿ ಹೆಚ್ಚುತ್ತಿದ್ದಳು. ಹಾಡು ಓಡುತ್ತಿತ್ತು. ನಿಂತಿತು. ಸ್ವರ ಬಂತು, ಕಳೆದ ವಾರಕ್ಕಿಂತ ಕೊಂಚ ಉದ್ದ.

"ಏನು?" ಎಂದಳು ಅತ್ತೆ.

"ಎಳೆ."

ಮುದುಕ ಹತ್ತಿ ಬಂದ. ಅತ್ತೆಯ ಕೈ ಮತ್ತೆ ಬದನೆಕಾಯಿಗೆ ಹೋಯಿತು.

"ಅತ್ತೆ," ಎಂದೆ. "ಕೇಳಿಸ್ತಾ?"

"ಕೇಳಿಸ್ತು. ಮೇಕೆ ಮರಿ." ತಲೆಯೆತ್ತಲಿಲ್ಲ. "ಆಸ್ಪತ್ರೆಯಿಂದ ಬಂದು ವಾರಕ್ಕೇ ಕೇಳಿಸ್ತು."

"ಮತ್ತೆ ತಡೀಬಾರ್ದಾ? ಡಾಕ್ಟ್ರು ಏನಂದ್ರು ಗೊತ್ತಲ್ಲ?"

"ತಡೆದ್ರೆ ಎಲ್ಲಿಗೋ ಓಗಿ ಊದ್ತಾನೆ. ಏರ್ಕಾಡ್ ಬಸ್ ಅತ್ತಿ ಓಗಿ ಊದ್ತಾನೆ. ಇಲ್ಲಾದ್ರೆ ಕೇಳಿಸ್ತೈತೆ." ಹೆಚ್ಚಿದ ಹೋಳುಗಳನ್ನು ನೀರಿಗೆ ಹಾಕಿದಳು. "ನಂಗೆ ಗೊತ್ತು ಅಂತ ಅವ್ನಿಗೆ ಏಳಬೇಡ. ಗೊತ್ತಾದ್ರೆ ಸದ್ದಿಲ್ದಂಗೆ ಊದೋದ್ ಕಲೀತಾನೆ."

ಬೀದಿಯಲ್ಲಿ ಪವರ್‌ಲೂಮ್‌ಗಳು ಓಡುತ್ತಿದ್ದವು. ಒಳಗೆ ಮುದುಕ ಒಂದು ಸ್ವರವನ್ನು ಹಿಡಿದು ಬಗ್ಗಿಸುತ್ತ ಮೇಲೇರುತ್ತಿದ್ದ. ಮುಂದಿನ ನಿಲುಗಡೆ ಎಲ್ಲಿ ಬರುತ್ತದೆಂದು ಅತ್ತೆಗೂ ಈಗ ಬಾಯಿಪಾಠ. ಅದು ಹತ್ತಿರವಾಗುತ್ತಿದ್ದಂತೆ ಅವಳು ಕೈಯಲ್ಲಿದ್ದ ಬದನೆಕಾಯಿಯನ್ನು ಮೆಲ್ಲಗೆ ಕೆಳಗಿಟ್ಟು, ಬಾಯಿಯನ್ನು ಅರ್ಧ 'ಏ' ಎಂದು ತೆರೆದುಕೊಂಡು, ಹಿಂದಿನ ಕೋಣೆಯ ಬಾಗಿಲ ಕಡೆ ತಿರುಗಿದಳು.